ಒಂದು ಟವರ್, ಮೂರು ಬಗೆಯ ನೆಲ: ಚಿಕ್ಕಬಳ್ಳಾಪುರದ ಹವ್ಯಾಸಿ ರೇಡಿಯೊ ಟವರೊಂದಕ್ಕೆ ಗೈ ಆಂಕರ್ ಆಯ್ದ ಪ್ರಕರಣ

ಚಿಕ್ಕಬಳ್ಳಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಕೆರೆ ಏರಿಯ ಕೆಳಗಿನ ದ್ರಾಕ್ಷಿ ತೋಟಗಳಿಗೆ ಹೊಂದಿಕೊಂಡ ಜಮೀನಿನಲ್ಲಿ, ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಹೊಂದಿರುವ ಮಿತ್ರರೊಬ್ಬರು 18 ಮೀಟರ್ ಎತ್ತರದ ಟವರ್ ನಿಲ್ಲಿಸಲು ಮುಂದಾದರು. ಟವರ್ 300 ಮಿ.ಮೀ ಮುಖದ ತ್ರಿಕೋನಾಕಾರದ ಜಾಲರಿ ಚೌಕಟ್ಟು. ತುದಿಯಲ್ಲಿ ಆಂಟೆನಾವನ್ನು ಬೇಕಾದ ದಿಕ್ಕಿಗೆ ತಿರುಗಿಸುವ ರೋಟೇಟರ್, ಅದರ ಮೇಲೆ 14, 21 ಮತ್ತು 28 ಮೆಗಾಹರ್ಟ್ಸ್‌ಗಳಲ್ಲಿ ಕೆಲಸ ಮಾಡುವ ಮೂರು ಎಲಿಮೆಂಟಿನ ಯಾಗಿ ಆಂಟೆನಾ. 14 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಸುಮಾರು 21 ಮೀಟರ್ ಆಗಿರುವುದರಿಂದ, ದೂರದ ದೇಶಗಳ ಸಂಪರ್ಕಕ್ಕೆ ಬೇಕಾದ ತಗ್ಗಿನ ಕೋನದಲ್ಲಿ ಸಂಕೇತ ಹೊರಡಬೇಕಾದರೆ ಇಷ್ಟು ಎತ್ತರ ಬೇಕೇಬೇಕು. ಟವರ್ ತನ್ನ ಬಲದಿಂದಲೇ ನಿಲ್ಲುವಂಥದ್ದಲ್ಲ. 9 ಮೀಟರ್ ಮತ್ತು 17 ಮೀಟರ್ ಎತ್ತರಗಳಲ್ಲಿ ಮೂರು ದಿಕ್ಕಿಗೆ ಎಳೆದು ಕಟ್ಟುವ ಗೈ ತಂತಿಗಳೇ ಅದನ್ನು ನಿಲ್ಲಿಸುತ್ತವೆ. ದೇವನಹಳ್ಳಿಯ ವಿಮಾನ ನಿಲ್ದಾಣ ಈ ಭಾಗಕ್ಕೆ ದೂರವಿಲ್ಲದ ಕಾರಣ ಎತ್ತರದ ಅನುಮತಿಯ ಪ್ರಶ್ನೆಯೂ ಇತ್ತು, ಆದರೆ ಅದು ಬೇರೆಯ ವಿಷಯ. ಇಲ್ಲಿ ಬರೆಯುತ್ತಿರುವುದು ಆ ಮೂರು ದಿಕ್ಕಿನ ತಂತಿಗಳು ನೆಲಕ್ಕೆ ಸೇರುವ ಮೂರು ಜಾಗಗಳ ಬಗ್ಗೆ, ಅಲ್ಲಿ ತಂತಿಯನ್ನು ನೆಲಕ್ಕೆ ಹಿಡಿದಿಡುವ ಆಂಕರುಗಳ ಬಗ್ಗೆ ಮಾತ್ರ.

ಹವ್ಯಾಸಿಗಳು ಟವರಿನ ಕಬ್ಬಿಣ, ವೆಲ್ಡಿಂಗ್, ಆಂಟೆನಾದ ತೂಕ ಇವುಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಆಂಕರ್ ಎಂದ ಕೂಡಲೇ ಅಂಗಡಿಯಿಂದ ಮೂರು ಸ್ಟೇ ಸೆಟ್ (ವಿದ್ಯುತ್ ಕಂಬದ ಎಳೆತಂತಿಗೆಂದು ಹೂಳುವ ರಾಡ್ ಮತ್ತು ತಟ್ಟೆ) ತಂದು ಹೂತರಾಯಿತು ಎಂದು ಮಾತು ಮುಗಿಸುತ್ತಾರೆ. ಮೂರು ದಿಕ್ಕಿನ ಗೈ ವ್ಯವಸ್ಥೆಯಲ್ಲಿ ಬದಲಿ ಎಂಬುದೇ ಇಲ್ಲ ಎಂಬ ಮಾತು ಇಲ್ಲಿ ಬಹಳ ಮುಖ್ಯ. ಗಾಳಿ ಒಂದು ಆಂಕರಿನ ದಿಕ್ಕಿನಿಂದ ನೇರವಾಗಿ ಬೀಸಿದಾಗ ಉಳಿದೆರಡು ದಿಕ್ಕಿನ ತಂತಿಗಳು ಸಡಿಲಗೊಂಡು, ಇಡೀ ಭಾರ ಆ ಒಂದೇ ಆಂಕರಿನ ಮೇಲೆ ಬೀಳುತ್ತದೆ. ಆ ಗಳಿಗೆಯಲ್ಲಿ ಅದು ಕಿತ್ತು ಬಂದರೆ ಟವರನ್ನು ಹಿಡಿದು ನಿಲ್ಲಿಸುವ ಬೇರೊಂದು ಆಸರೆ ಇರುವುದಿಲ್ಲ. ಆದ್ದರಿಂದ ಮೂರರಲ್ಲಿ ಅತಿ ದುರ್ಬಲವಾದ ಆಂಕರಿನ ಶಕ್ತಿಯೇ ಟವರಿನ ಶಕ್ತಿ.

ಭಾರದ ಲೆಕ್ಕ

ಆಂಕರ್ ಯಾವುದು ಎಂದು ಕೇಳುವ ಮೊದಲು ಎಷ್ಟು ಎಳೆತ ಬರುತ್ತದೆ ಎಂದು ತಿಳಿಯಬೇಕು. ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ, 2015ರ ಪರಿಷ್ಕರಣೆ, ಗಾಳಿಯ ಭಾರವನ್ನು ಲೆಕ್ಕ ಹಾಕುವ ಕ್ರಮವನ್ನು ಕೊಡುತ್ತದೆ. ಅದರಲ್ಲಿ ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಅದರ ಮುಂದಿನ ಮೆಟ್ಟಿಲು 39. ಬಯಲು ಜಾಗ, ಬೇಸಿಗೆಯ ಕೊನೆಯಲ್ಲಿ ಆಲಿಕಲ್ಲಿನೊಂದಿಗೆ ನುಗ್ಗುವ ಬಿರುಗಾಳಿ, ಟವರಿನ ಬುಡದಲ್ಲಿ ದಿನವಿಡೀ ಕೂಲಿಯವರು ಕೆಲಸ ಮಾಡುವ ತೋಟ, ಇವೆಲ್ಲವನ್ನೂ ಗಮನಿಸಿ ನಾವು 39ನ್ನೇ ಹಿಡಿದೆವು. ಎತ್ತರಕ್ಕೆ ತಕ್ಕ ಗುಣಕ ಸೇರಿಸಿದಾಗ ತುದಿಯಲ್ಲಿ ವೇಗ ಸುಮಾರು 41.7 ಮೀಟರ್ ಆಗುತ್ತದೆ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 1,040 ನ್ಯೂಟನ್, ಅಂದರೆ 106 ಕೆ.ಜಿ ಒತ್ತಡ.

ಆಂಟೆನಾ, ರೋಟೇಟರ್ ಮತ್ತು ಮೇಲಿನ ಪೈಪಿಗೆ ಆಕಾರದ ಗುಣಕವೂ ಸೇರಿದಂತೆ 0.7 ಚದರ ಮೀಟರ್, ಟವರಿನ ಜಾಲರಿಗೆ ಮೀಟರೊಂದಕ್ಕೆ 0.2 ಚದರ ಮೀಟರ್ ಎಂದು ಹಿಡಿದಾಗ, ಕೆಳಗೆ ಗಾಳಿ ತುಸು ಕಡಿಮೆ ಎಂಬ ರಿಯಾಯಿತಿಯ ನಂತರ, ಒಟ್ಟು ಅಡ್ಡಬಲ 4.2 ಕಿಲೋನ್ಯೂಟನ್ ಆಸುಪಾಸು ಬಂತು (ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕೆ.ಜಿ ತೂಕದಷ್ಟು ಬಲ). ಅದರಲ್ಲಿ ಸುಮಾರು 0.9 ಬುಡದ ಕಾಂಕ್ರೀಟಿಗೆ ಹೋಗುತ್ತದೆ, ಉಳಿದ 3.3 ಕಿಲೋನ್ಯೂಟನ್ ಎರಡು ಹಂತದ ತಂತಿಗಳ ಮೂಲಕ ಒಂದು ಆಂಕರಿಗೆ ಇಳಿಯುತ್ತದೆ. ಬುಡದಿಂದ 14 ಮೀಟರ್ ದೂರದ ಆಂಕರಿಗೆ ಮೇಲಿನ ತಂತಿ ಸುಮಾರು 50 ಡಿಗ್ರಿ, ಕೆಳಗಿನ ತಂತಿ ಸುಮಾರು 33 ಡಿಗ್ರಿ ಓರೆಯಲ್ಲಿ ಬರುವುದರಿಂದ, ಅಡ್ಡ ಎಳೆತದ ಜತೆಗೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಮೇಲ್ಮುಖ ಎಳೆತವೂ ಹುಟ್ಟುತ್ತದೆ. ಎರಡೂ ಸೇರಿ 4.5 ಕಿಲೋನ್ಯೂಟನ್, ನೆಲಕ್ಕೆ 43 ಡಿಗ್ರಿ ಓರೆಯಲ್ಲಿ. ಗಾಳಿಯಿಲ್ಲದಾಗಲೂ ತಂತಿಯಲ್ಲಿರಬೇಕಾದ ಬಿಗಿತ, ಅಂದರೆ ತಂತಿ ತುಂಡಾಗುವ ಬಲದ ಶೇ 10, ಇಲ್ಲಿ ತಂತಿಯೊಂದಕ್ಕೆ 1.5 ಕಿಲೋನ್ಯೂಟನ್, ಎರಡು ತಂತಿಗೆ 3. ಅದನ್ನೂ ಪೂರ್ತಿಯಾಗಿ ಕೂಡಿಸಿದರೆ ಆಂಕರಿನ ಮೇಲಿನ ಗರಿಷ್ಠ ಎಳೆತ 7.5 ಕಿಲೋನ್ಯೂಟನ್, ಅಂದರೆ ಸುಮಾರು 760 ಕೆ.ಜಿ. ಅದನ್ನು ಬಿಡಿಸಿದರೆ ಮೇಲಕ್ಕೆ 5.1, ಅಡ್ಡಕ್ಕೆ 5.5. ನೆಲದ ಗುಣ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ ಇದರ ಎರಡು ಪಟ್ಟನ್ನಾದರೂ, ಎಂದರೆ ಒಂದೂವರೆ ಟನ್ನನ್ನು, ಪ್ರತಿ ಆಂಕರೂ ನೆಲ ತನ್ನ ಅತಿ ಕೆಟ್ಟ ಸ್ಥಿತಿಯಲ್ಲಿರುವಾಗಲೂ ತಡೆಯಬೇಕು ಎಂದು ನಿಶ್ಚಯಿಸಿದೆವು. ಮುಂದಿನ ಎಲ್ಲ ನಿರ್ಧಾರಗಳು ಈ ಕೊನೆಯ ಷರತ್ತಿನಿಂದಲೇ ಹೊರಟವು.

ಜಮೀನಿನ ಮೂರು ಮೂಲೆಗಳು

ಬುಡದ ಜಾಗ ಗುರುತಿಸಿ, 120 ಡಿಗ್ರಿ ಅಂತರದಲ್ಲಿ ಮೂರು ದಿಕ್ಕಿಗೆ ಹುರಿ ಎಳೆದಾಗ, ಆಂಕರುಗಳ ಜಾಗ ಮೂರು ಬೇರೆ ಬೇರೆ ಬಗೆಯ ನೆಲದಲ್ಲಿ ಬಿದ್ದವು. ವಾಯವ್ಯದ ಕಡೆ ನೆಲ ಏರುತ್ತಾ ಹೋಗಿ ಹಾಸುಬಂಡೆಯಾಗಿ ಹೊರಗೆ ಕಾಣುತ್ತದೆ. ದಕ್ಷಿಣದಲ್ಲಿ ಮೊಳಕಾಲಿನಷ್ಟು ಕೆಮ್ಮಣ್ಣು, ಅದರ ಕೆಳಗೆ ಗಟ್ಟಿ ಗರಸು. ಈಶಾನ್ಯದ ಮೂಲೆ ಇಳಿಜಾರಿನ ತಳ. ಹಿಂದೆ ತೂಬಿನ ನೀರಿಗೆ ಭತ್ತ ಬೆಳೆಯುತ್ತಿದ್ದ ಗದ್ದೆಯ ಜಾಗ, ಮೇಲೆ ಕೆರೆಗೋಡು ಹೊಡೆಸಿದ ಕಪ್ಪು ಮಣ್ಣು. ಮೂರಕ್ಕೂ ಒಂದೇ ಬಗೆಯ ಸ್ಟೇ ಸೆಟ್ ಎಂಬ ಮೊದಲ ಆಲೋಚನೆಯನ್ನು ಕೈಬಿಡಲು ಇಷ್ಟೇ ಸಾಕಾಗಿತ್ತು. ಆದರೂ ಈಶಾನ್ಯದ ಮೂಲೆ ಎಷ್ಟು ಬೇರೆ ಎಂಬುದನ್ನು ತೋರಿಸಿಕೊಟ್ಟವರು ಪಕ್ಕದ ತೋಟದ ರೈತರು.

ಈ ಸೀಮೆಯ ದ್ರಾಕ್ಷಿ ಚಪ್ಪರವನ್ನು ಕಂಡವರಿಗೆ ಅದರ ಕಟ್ಟೋಣ ಗೊತ್ತು. ಒಳಗಿನ ಕಲ್ಲುಕಂಬಗಳು ನೆಟ್ಟಗೆ ನಿಂತು ಬಳ್ಳಿಯ ತೂಕವನ್ನು ಹೊರುತ್ತವೆ. ಅಂಚಿನ ಕಂಬಗಳು ಹೊರಗೆ ವಾಲಿರುತ್ತವೆ, ಅವುಗಳ ತಲೆಯಿಂದ ದಪ್ಪ ತಂತಿ ಇಳಿದು ನೆಲದಲ್ಲಿ ಅಡ್ಡಲಾಗಿ ಹೂತ ಕಲ್ಲಿಗೆ ಕಟ್ಟಿರುತ್ತದೆ. ಇಡೀ ಚಪ್ಪರದ ತಂತಿಬಲೆಯ ಬಿಗಿತ ಆ ಹೂತ ಕಲ್ಲುಗಳ ಮೇಲೆ ನಿಂತಿದೆ. ಟವರಿನ ಆಂಕರಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಆ ರೈತರು ನಮ್ಮನ್ನು ತಮ್ಮ ದಿಲ್‌ಖುಷ್ ತಳಿಯ ದ್ರಾಕ್ಷಿ ತೋಟದ ಅಂಚಿನಲ್ಲಿ ನಡೆಸಿಕೊಂಡು ಹೋಗಿ ತಂತಿಗಳನ್ನು ಕೈಯಿಂದ ಅದುಮಿ ನೋಡಲು ಹೇಳಿದರು. ಮೇಲುಭಾಗದ ತಂತಿಗಳು ಬೆರಳಿಗೆ ಜಗ್ಗದಷ್ಟು ಬಿಗಿಯಾಗಿದ್ದವು. ನಮ್ಮ ಈಶಾನ್ಯದ ಮೂಲೆಗೆ ಹತ್ತಿರದ ಸಾಲಿನಲ್ಲಿ ಅದೇ ದಪ್ಪದ ತಂತಿ ಅಂಗೈ ಅಗಲ ಒಳಕ್ಕೆ ಹೋಯಿತು, ಕಂಬ ಒಳಕ್ಕೆ ವಾಲಿತ್ತು, ತಂತಿ ಮಣ್ಣಿನೊಳಗೆ ಇಳಿಯುವಲ್ಲಿ ಒಂದು ಗೇಣು ಉದ್ದದ ಸೀಳು ಬಿಟ್ಟಿತ್ತು. ಹೂತ ಕಲ್ಲು ಮೆತ್ತಗಾದ ಮಣ್ಣನ್ನು ಕೊಯ್ಯುತ್ತಾ ಚಪ್ಪರದ ಕಡೆಗೆ ಸರಿದಿದೆ ಎಂಬುದಕ್ಕೆ ಆ ಸೀಳೇ ಸಾಕ್ಷಿ.

ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಬರತೊಡಗಿದ ಮೇಲೆ ಈ ಭಾಗದ ಎಷ್ಟೋ ಅಚ್ಚುಕಟ್ಟುಗಳ ಸ್ಥಿತಿ ಬದಲಾಗಿದೆ. ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದಿದ್ದ ಕೆರೆಗಳಲ್ಲಿ ನೀರು ನಿಲ್ಲುತ್ತದೆ, ಏರಿಯ ಕೆಳಗೆ ನೀರು ಒಸರುತ್ತದೆ. 2021ರ ನವೆಂಬರಿನ ಮಳೆಯಲ್ಲಂತೂ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದವು. ರೈತರಿಗೆ ಇದು ಸಂತಸದ ವಿಷಯ, ನನಗೂ ಹೌದು. ಆದರೆ ಹತ್ತು ವರ್ಷದ ಹಿಂದೆ ಒಣಗಿ ಕಲ್ಲಾಗಿದ್ದ ಗದ್ದೆಯ ಮಣ್ಣನ್ನು ಕಂಡವರ ನೆನಪನ್ನು ನಂಬಿ ಇಂದು ಆಂಕರ್ ಹೂಳುವಂತಿಲ್ಲ. ಕೆರೆಯ ಕೆಳಗಿನ ಯಾವ ಜಮೀನಿಗಾದರೂ ಈ ಎಚ್ಚರ ಬೇಕು.

ಹೀಗಾಗಿ ಪರೀಕ್ಷೆಯ ಗುಂಡಿಗಳನ್ನು ಬೇಸಿಗೆಯಲ್ಲಿ ತೆಗೆಯದೆ, ಹಿಂಗಾರು ಮಳೆ ಮುಗಿಯುವ ಹೊತ್ತಿಗೆ, ನೆಲ ವರ್ಷದಲ್ಲೇ ಹೆಚ್ಚು ನೀರು ಕುಡಿದಿರುವ ಕಾಲದಲ್ಲಿ ತೆಗೆಸಿದೆವು. ದಕ್ಷಿಣದ ಗುಂಡಿಯಲ್ಲಿ ಅರ್ಧ ಮೀಟರಿನ ಕೆಳಗೆ ಹಾರೆಯೇ ಬೇಕಾಯಿತು. ಗೋಡೆಗಳು ನೆಟ್ಟಗೆ ನಿಂತವು, ಹೆಬ್ಬೆರಳಿನಿಂದ ಒತ್ತಿದರೆ ಉಗುರಿನ ಗುರುತಷ್ಟೇ ಬಿತ್ತು. ಈಶಾನ್ಯದ ಗುಂಡಿಯಲ್ಲಿ ಹೆಬ್ಬೆರಳು ಸಲೀಸಾಗಿ ಒಳಗೆ ಹೋಗುವಂತಿತ್ತು, 1.1 ಮೀಟರ್ ಆಳದಲ್ಲಿ ನೀರು ಜಿನುಗತೊಡಗಿ ಮರುದಿನಕ್ಕೆ ಗುಂಡಿಯ ತಳದಲ್ಲಿ ನಿಂತಿತ್ತು.

ಬಿಟ್ಟ ಆಯ್ಕೆಗಳು

ಸ್ಕ್ರೂ ಆಂಕರುಗಳನ್ನು ಪರಿಗಣಿಸಿ ಬಿಟ್ಟೆವು. ತಿರುಗಿಸಿ ಇಳಿಸುವ ಈ ಆಂಕರುಗಳು ಕಲ್ಲಿಲ್ಲದ, ಸಮನಾದ ಮಣ್ಣಿಗೆ ಚೆನ್ನ. ಇಳಿಸುವಾಗ ಬೇಕಾದ ತಿರುಚುಬಲದಿಂದಲೇ ಅವುಗಳ ಹಿಡಿತವನ್ನು ಅಂದಾಜು ಮಾಡಬಹುದು ಎಂಬುದು ದೊಡ್ಡ ಅನುಕೂಲ. ಆದರೆ ನಮ್ಮ ಗರಸಿನಲ್ಲಿ ಅಲಗು ಕಲ್ಲಿಗೆ ಸಿಕ್ಕಿ ಮಡಚಿಕೊಳ್ಳುತ್ತದೆ, ಜೌಗಿನಲ್ಲಿ ಹಿಡಿತ ಸಾಲದು. ಆಗ್ನೇಯದಲ್ಲಿದ್ದ ಹಳೆಯ ಹುಣಸೆ ಮರಕ್ಕೆ ಕಟ್ಟಬಹುದೆಂಬ ಸಲಹೆಯೂ ಬಂತು. ಗಾಳಿಗೆ ಮರವೂ ತೂಗುತ್ತದೆ, ಟವರೂ ತೂಗುತ್ತದೆ, ಎರಡರ ಲಯ ಬೇರೆ. ತಂತಿ ಒಮ್ಮೆ ಸಡಿಲಗೊಂಡು ಮರುಕ್ಷಣ ಝಾಡಿಸಿ ಎಳೆಯುತ್ತದೆ. ಮರವನ್ನು ಆಂಕರ್ ಮಾಡಬಾರದು.

ವಾಯವ್ಯ: ಹಾಸುಬಂಡೆ

ಬಂಡೆ ಸಿಕ್ಕರೆ ಆಂಕರಿನ ಚಿಂತೆಯೇ ಇಲ್ಲ ಎಂಬ ಭಾವನೆ ಸಾಮಾನ್ಯ, ಅದು ಅರ್ಧ ಸತ್ಯ. ಈ ಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳು ಮೇಲ್ಮೈಗೆ ಸಮಾನಾಂತರವಾಗಿ ಪದರು ಪದರಾಗಿ ಬಿಡುತ್ತವೆ. ಕಲ್ಲು ಕೆಲಸದವರು ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದುದು ಇದೇ ಗುಣದಿಂದ. ಮೇಲ್ಪದರು ಕೆಳಗಿನ ಬಂಡೆಯಿಂದ ಬಿಟ್ಟುಕೊಂಡಿದ್ದರೆ, ಅದರಲ್ಲಿ ಎಷ್ಟೇ ಗಟ್ಟಿಯಾಗಿ ರಾಡ್ ನೆಟ್ಟರೂ ನಮಗೆ ಸಿಗುವುದು ಆ ಚಪ್ಪಡಿಯ ತೂಕವಷ್ಟೇ.

ಇದನ್ನು ಪತ್ತೆ ಮಾಡಲು ಹಳ್ಳಿಯ ಕಲ್ಲುಕುಟಿಗರೊಬ್ಬರನ್ನು ಕರೆಸಿದೆವು. ಅವರು ಎರಡು ಕೆ.ಜಿ ಸುತ್ತಿಗೆಯಿಂದ ಬಂಡೆಯ ಮೇಲೆ ಗೇಣಿಗೊಂದು ಪೆಟ್ಟು ಹಾಕುತ್ತಾ, ತಲೆ ಒಂದು ಪಕ್ಕಕ್ಕೆ ವಾಲಿಸಿ ಕೇಳುತ್ತಾ ಹೋದರು. ಗಟ್ಟಿ ಜಾಗದಲ್ಲಿ ಸುತ್ತಿಗೆ ಪುಟಿದು, ಸದ್ದು ಚುರುಕಾಗಿ ಕಂಚಿನಂತೆ ಬರುತ್ತಿತ್ತು. ನಾವು ಗುರುತು ಮಾಡಿದ್ದ ಜಾಗ ಹತ್ತಿರವಾದಂತೆ ಸದ್ದು ದಪ್ಪಗಾಗಿ, ಒಳಗೆ ಪೊಳ್ಳಿದೆ ಎಂದು ನಮ್ಮ ಕಿವಿಗೂ ತಿಳಿಯುವಷ್ಟು ಬದಲಾಯಿತು. ಬಂಡೆಯ ಅಂಚಿನಲ್ಲಿ ಹುಲ್ಲು ಸರಿಸಿ ನೋಡಿದರೆ ಒಂದು ಗೇಣು ದಪ್ಪದ ಪದರಿನ ಕೆಳಗೆ ಕೂದಲೆಳೆಯ ಬಿರುಕು, ಅದರೊಳಗೆ ಗಿಡದ ಬೇರು. ಅವರು ಸೀಮೆಸುಣ್ಣದಿಂದ ಪೊಳ್ಳಿನ ಗಡಿಯನ್ನು ಬರೆದುಕೊಟ್ಟರು. ಆಂಕರಿನ ಜಾಗವನ್ನು ಒಂದೂವರೆ ಮೀಟರ್ ಪಕ್ಕಕ್ಕೆ ಸರಿಸಿದೆವು. ಇದರಿಂದ 120 ಡಿಗ್ರಿಯ ಅಂತರ ಆರೇಳು ಡಿಗ್ರಿ ತಪ್ಪಿತು. ಗಟ್ಟಿ ಬಂಡೆಗಾಗಿ ಅಷ್ಟು ಓರೆಯನ್ನು ಒಪ್ಪಿಕೊಳ್ಳಬಹುದು, ಅದರಿಂದ ಭಾರದಲ್ಲಾಗುವ ವ್ಯತ್ಯಾಸ ಅಲ್ಪ. ಪೊಳ್ಳು ಪದರನ್ನು ಒಪ್ಪಿಕೊಳ್ಳುವಂತಿಲ್ಲ.

38 ಮಿ.ಮೀ ವ್ಯಾಸದ, 600 ಮಿ.ಮೀ ಆಳದ ಎರಡು ರಂಧ್ರಗಳನ್ನು ಜಾಕ್‌ಹ್ಯಾಮರಿನಿಂದ ಕೊರೆಸಿ, 20 ಮಿ.ಮೀ ದಪ್ಪದ ಏಣುಗಳಿರುವ ಕಬ್ಬಿಣವನ್ನು ಕುಗ್ಗದ ಸಿಮೆಂಟ್ ಗ್ರೌಟಿನಲ್ಲಿ, ಅಂದರೆ ಸಂದು ತುಂಬುವ ತೆಳು ಸಿಮೆಂಟ್ ಮಿಶ್ರಣದಲ್ಲಿ, ಕೂರಿಸಲಾಯಿತು. ಮಿ.ಮೀ ಚದರಕ್ಕೆ 1 ನ್ಯೂಟನ್ ಅಂಟು ಎಂಬ ಸಾಧಾರಣ ಲೆಕ್ಕದಲ್ಲೂ ಒಂದೊಂದು ರಾಡ್ 37 ಕಿಲೋನ್ಯೂಟನ್ ತಡೆಯುತ್ತದೆ. ಅಂದರೆ ಒಂದೇ ಸಾಕಿತ್ತು. ಎರಡು ಹಾಕಿ ತಟ್ಟೆಯಿಂದ ಜೋಡಿಸಿದ್ದು ಗ್ರೌಟಿನ ಕೆಲಸ ಕಣ್ಣಿಗೆ ಕಾಣುವುದಿಲ್ಲ ಎಂಬ ಕಾರಣಕ್ಕೆ. ರಂಧ್ರದಲ್ಲಿ ಉಳಿದ ಕಲ್ಲಿನ ಹಿಟ್ಟೇ ಗ್ರೌಟಿನ ಮೊದಲ ಶತ್ರು. ಗಾಳಿಯ ಕೊಳವೆಯಿಂದ ಊದಿ, ಬ್ರಷ್‌ನಿಂದ ಉಜ್ಜಿ, ನೀರಿನಿಂದ ತೊಳೆದು, ತೊಳೆದ ನೀರು ತಿಳಿಯಾಗಿ ಬರುವವರೆಗೆ ಮುಂದುವರಿಸಿ, ಆಮೇಲೆ ತಳದಿಂದ ಮೇಲಕ್ಕೆ ಗ್ರೌಟ್ ತುಂಬಬೇಕು. ಮೇಲಿನಿಂದ ಸುರಿದರೆ ತಳದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ.

ಈ ಬಂಡೆ ಟವರಿನ ಬುಡಕ್ಕಿಂತ ಒಂದೂವರೆ ಮೀಟರ್ ಎತ್ತರದಲ್ಲಿರುವುದರಿಂದ, ತಂತಿಯ ಓರೆ ಮೂರೂ ಕಡೆ ಒಂದೇ ಆಗಿರಲೆಂದು ಆಂಕರಿನ ದೂರವನ್ನು 14ರಿಂದ 13 ಮೀಟರಿಗೆ ಇಳಿಸಿದೆವು. ಈಶಾನ್ಯದ ಮೂಲೆ 1.2 ಮೀಟರ್ ತಗ್ಗಿನಲ್ಲಿದೆ. ಅಲ್ಲಿ ದೂರ 15 ಮೀಟರ್. ಈ ದೂರವನ್ನು ಇಳಿಜಾರಿನ ಮೇಲೆ ಟೇಪು ಚೆಲ್ಲಿ ಅಳೆಯಬಾರದು, ನೀರುಮಟ್ಟ ಹಿಡಿದು ಅಡ್ಡಲಾಗಿ ಅಳೆಯಬೇಕು.

ದಕ್ಷಿಣ: ಕೆಮ್ಮಣ್ಣು ಮತ್ತು ಗರಸು

ವಿದ್ಯುತ್ ಕಂಬಗಳಿಗೆ ಬಳಸುವ ಸ್ಟೇ ಸೆಟ್ ಇಲ್ಲಿಗೆ ಸರಿಯಾದ ಆಯ್ಕೆ. ಗಿಡವನ್ನು ಬೇರುಸಹಿತ ಎಳೆದಾಗ ಜತೆಗೆ ಮಣ್ಣಿನ ಹೆಂಟೆ ಎದ್ದು ಬರುವಂತೆ, ಹೂತ ತಟ್ಟೆ ಮೇಲೇಳಬೇಕಾದರೆ ತನ್ನ ಮೇಲಿನ ಮಣ್ಣನ್ನು ಅಗಲವಾಗುತ್ತಾ ಹೋಗುವ ಶಂಕುವಿನ ಆಕಾರದಲ್ಲಿ ಎತ್ತಬೇಕು. ಆ ಮಣ್ಣಿನ ತೂಕವೇ ಆಂಕರಿನ ಬಲ. ಹಾಗಾಗಿ ತಟ್ಟೆಯ ಅಳತೆಗಿಂತ ಅದರ ಆಳ ಮುಖ್ಯ, ಮತ್ತು ಅಂಗಡಿಯ ಸ್ಟೇ ಸೆಟ್ ಟವರಿಗೆ ಸೋಲುವುದು ಇಲ್ಲೇ. 1.8 ಮೀಟರಿನ ರಾಡನ್ನು ನಮ್ಮ 43 ಡಿಗ್ರಿ ಓರೆಯಲ್ಲಿ ಹೂತು, 30 ಸೆಂ.ಮೀ ಹೊರಗೆ ಬಿಟ್ಟರೆ, ತಟ್ಟೆ ನಿಲ್ಲುವುದು ಕೇವಲ ಒಂದು ಮೀಟರ್ ಆಳದಲ್ಲಿ. ಅಗೆದು ಮತ್ತೆ ತುಂಬಿದ ಮಣ್ಣು ಎಂಬ ಕಾರಣಕ್ಕೆ ಶಂಕುವಿನ ಹರವನ್ನು 15 ಡಿಗ್ರಿ ಎಂದಿಟ್ಟುಕೊಂಡರೆ, 300 ಮಿ.ಮೀ ತಟ್ಟೆಯ ಮೇಲಿನ ಮಣ್ಣಿನ ತೂಕ 6 ಕಿಲೋನ್ಯೂಟನ್ ಮುಟ್ಟುವುದಿಲ್ಲ. ನಮ್ಮ ಮೇಲ್ಮುಖ ಎಳೆತವೇ 5.1. ತಟ್ಟೆಯನ್ನು 450 ಮಿ.ಮೀ ಮಾಡಿ ಒಂದೂವರೆ ಮೀಟರ್ ಆಳಕ್ಕೆ ಇಳಿಸಿದರೆ ಅದೇ ಲೆಕ್ಕದಲ್ಲಿ ಸುಮಾರು 20 ಕಿಲೋನ್ಯೂಟನ್. ಅರ್ಧ ಮೀಟರ್ ಹೆಚ್ಚು ಅಗೆದು, ತುಸು ದೊಡ್ಡ ತಟ್ಟೆ ಹಾಕಿದ್ದಕ್ಕೆ ಮೂರು ಪಟ್ಟಿಗೂ ಮೀರಿದ ಬಲ. ಇದಕ್ಕಾಗಿ 20 ಮಿ.ಮೀ ದಪ್ಪ, 2.5 ಮೀಟರ್ ಉದ್ದದ ರಾಡನ್ನು ಮಾಡಿಸಿ, ಬಿಸಿ ಸತುವಿನಲ್ಲಿ ಅದ್ದಿಸಿ ತರಲಾಯಿತು. ರಾಡಿನ ಕಣ್ಣನ್ನು, ಅಂದರೆ ತಂತಿ ಸೇರಿಸುವ ತುದಿಯ ಬಳೆಯನ್ನು, ಬಗ್ಗಿಸಿ ಹಾಗೇ ಬಿಡದೆ ಪೂರ್ತಿ ಬೆಸುಗೆ ಹಾಕಿ ಮುಚ್ಚಿಸಬೇಕು. ತೆರೆದ ಕಣ್ಣು ಭಾರಕ್ಕೆ ಬಿಚ್ಚಿಕೊಳ್ಳುತ್ತದೆ.

ಗುಂಡಿಯನ್ನು ಜೆಸಿಬಿಯಿಂದ ತೋಡಿಸಲಿಲ್ಲ. ಬಕೆಟ್ಟು ತಟ್ಟೆಯ ಮುಂದಿನ, ಅಂದರೆ ಟವರಿನ ಕಡೆಯ ಮಣ್ಣನ್ನೂ ಕಲಕಿ ಬಿಡುತ್ತದೆ. ಅಡ್ಡ ಎಳೆತವನ್ನು ತಡೆಯಬೇಕಾದದ್ದು ಆ ಕಲಕದ ಮಣ್ಣೇ. ಗುದ್ದಲಿ, ಹಾರೆಗಳಿಂದ ಹಿಂಬದಿಯಲ್ಲಿ ಗುಂಡಿ ತೋಡಿ, ಟವರಿನ ಕಡೆಯ ಗೋಡೆಯನ್ನು ಮುಟ್ಟದೆ ಉಳಿಸಿ, ಅದರಲ್ಲಿ ರಾಡ್ ಹಾಯುವಷ್ಟೇ ಅಗಲದ ಓರೆ ಸೀಳನ್ನು ಕೊರೆಯಲಾಯಿತು. ತುಂಬುವಾಗ ಒಂದು ಗೇಣಿಗೊಮ್ಮೆ ನೀರು ಚಿಮುಕಿಸಿ ದಮ್ಮಸು ಹಾಕಲಾಯಿತು.

ಈಶಾನ್ಯ: ಜೌಗು

ಇದೇ ತಟ್ಟೆಯನ್ನು ಇದೇ ಆಳಕ್ಕೆ ಈಶಾನ್ಯದಲ್ಲಿ ಹೂತರೆ ಏನಾಗುತ್ತದೆ ಎಂಬುದೇ ಈ ಪ್ರಕರಣದ ತಿರುಳು. ನೀರಿನಲ್ಲಿ ಮುಳುಗಿದ ಮಣ್ಣು ತನ್ನ ತೂಕದ ಅರ್ಧಕ್ಕೂ ಹೆಚ್ಚನ್ನು ಕಳೆದುಕೊಳ್ಳುತ್ತದೆ: ಘನ ಮೀಟರಿಗೆ 17 ಕಿಲೋನ್ಯೂಟನ್ ಇದ್ದದ್ದು 8ಕ್ಕೆ ಇಳಿಯುತ್ತದೆ. ದಕ್ಷಿಣದಲ್ಲಿ 20 ಕಿಲೋನ್ಯೂಟನ್ ಕೊಡುವ ಆಂಕರ್ ಇಲ್ಲಿ ಒಂಬತ್ತೂ ಚಿಲ್ಲರೆ ಕೊಡುತ್ತದೆ, ಅದೂ ಮೆತ್ತನೆಯ ಗೋಡಿನಲ್ಲಿ ಶಂಕು ರೂಪುಗೊಂಡರೆ ಮಾತ್ರ. ಎರಡು ಪಟ್ಟು ಸುರಕ್ಷತೆಗೆ ಬೇಕಾದದ್ದು 10.2. ಬೇಸಿಗೆಯಲ್ಲಿ ಹೂತು, ಬೇಸಿಗೆಯಲ್ಲೇ ಎಳೆದು ಪರೀಕ್ಷಿಸಿದ್ದರೆ ಆ ಆಂಕರ್ ಪಾಸಾಗುತ್ತಿತ್ತು. ಮಳೆಯಲ್ಲಿ, ನೆಲ ನೀರು ಕುಡಿದ ಮೇಲೆ, ಗಾಳಿಯೂ ಎದ್ದ ದಿನ ಅದರ ಬಲ ಅರ್ಧವಾಗಿರುತ್ತಿತ್ತು.

ಇಲ್ಲಿಗೆ ಆರಿಸಿದ್ದು ಹೂತ ಕಾಂಕ್ರೀಟ್ ಗಡ್ಡೆ: 1.2 ಮೀಟರ್ ಚೌಕ, ಅರ್ಧ ಮೀಟರ್ ದಪ್ಪ, ಮೇಲೆ ಒಂದು ಮೀಟರ್ ಮಣ್ಣು. ಕಾಂಕ್ರೀಟೂ ನೀರಿನಲ್ಲಿ ಹಗುರಾಗುತ್ತದೆ ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಘನ ಮೀಟರಿಗೆ 24ರ ಬದಲು 14 ಕಿಲೋನ್ಯೂಟನ್ ಎಂದೇ ಹಿಡಿಯಬೇಕು. ಹಾಗೆ ಹಿಡಿದಾಗ ಗಡ್ಡೆಯದು 10, ನೇರ ಮೇಲಿನ ಮಣ್ಣಿನದು 11.5, ಒಟ್ಟು 21.5 ಕಿಲೋನ್ಯೂಟನ್, ನೆಲ ಪೂರ್ತಿ ಮುಳುಗಿದ್ದರೂ ಮೇಲ್ಮುಖ ಎಳೆತದ ನಾಲ್ಕು ಪಟ್ಟು. ಅಡ್ಡ ಎಳೆತಕ್ಕೆ ಗಡ್ಡೆಯ ಮುಂಭಾಗದ ಮಣ್ಣೇ ಆಸರೆ. ತೀರಾ ಮೆತ್ತನೆಯ ಜೇಡಿ ಎಂದು ಲೆಕ್ಕ ಹಿಡಿದರೂ 18 ಕಿಲೋನ್ಯೂಟನ್ ಸಿಗುತ್ತದೆ, ಬೇಕಾದದ್ದರ ಮೂರು ಪಟ್ಟು. ಇದಕ್ಕಾಗಿ ಟವರಿನ ಕಡೆಯ ಗೋಡೆಗೆ ಹಲಗೆ ಕಟ್ಟದೆ, ಕಾಂಕ್ರೀಟನ್ನು ನೇರವಾಗಿ ಕಲಕದ ಮಣ್ಣಿಗೆ ತಾಗುವಂತೆ ಸುರಿದೆವು. ಗುಂಡಿಯ ನೀರನ್ನು ಪಂಪಿನಿಂದ ಖಾಲಿ ಮಾಡುತ್ತಲೇ ಕೆಲಸ ನಡೆಯಬೇಕಾಯಿತು; ನಿಂತ ನೀರಿಗೆ ಕಾಂಕ್ರೀಟ್ ಸುರಿದರೆ ಸಿಮೆಂಟ್ ತೊಳೆದುಹೋಗುತ್ತದೆ.

ರಾಡಿನ ದಿಕ್ಕಿನ ಬಗ್ಗೆ ಇಲ್ಲಿ ವಿಶೇಷ ಗಮನ ಬೇಕು. ಗಡ್ಡೆಯ ಮೇಲೆ ನೆಟ್ಟಗಿನ ಕಾಂಕ್ರೀಟ್ ಕಂಬ ಎಬ್ಬಿಸಿ ಅದರ ತಲೆಗೆ ತಂತಿ ಕಟ್ಟುವುದು ಕಣ್ಣಿಗೆ ಅಚ್ಚುಕಟ್ಟು. ಆದರೆ 5.5 ಕಿಲೋನ್ಯೂಟನ್ ಅಡ್ಡ ಎಳೆತ ಗಡ್ಡೆಯ ನಡುವಿನಿಂದ ಒಂದೂ ಕಾಲು ಮೀಟರಿಗೂ ಎತ್ತರದಲ್ಲಿ ಬಿದ್ದಾಗ ಗಡ್ಡೆಯನ್ನೇ ಮಗುಚುವ ಬಲ ಹುಟ್ಟುತ್ತದೆ. ಮುಳುಗಿದ ಸ್ಥಿತಿಯಲ್ಲಿ ಅದಕ್ಕೆ ಎದುರಾಗಿ ನಮಗೆ ಒಂದೂವರೆ ಪಟ್ಟಿನಷ್ಟೂ ಸುರಕ್ಷತೆ ಉಳಿಯುವುದಿಲ್ಲ. ರಾಡ್ ತಂತಿಯ ಓರೆಯಲ್ಲೇ ಇಳಿದು, ಅದರ ಗೆರೆ ಗಡ್ಡೆಯ ನಡುಮಧ್ಯವನ್ನು ಹಾಯ್ದರೆ ಮಗುಚುವ ಪ್ರಶ್ನೆಯೇ ಏಳದು.

ಆದರೆ ಓರೆ ರಾಡ್ ಜೌಗು ಮಣ್ಣನ್ನು ಹಾದು ಬರಬೇಕು, ಮತ್ತು ಕಾಂಕ್ರೀಟಿನಿಂದ ಹೊರಬಂದು ಒದ್ದೆ ಮಣ್ಣಿಗೆ ತಾಗುವ ಭಾಗದಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಒಂದೇ ರಾಡಿನ ಒಂದು ಭಾಗ ಕಾಂಕ್ರೀಟಿನ ಕ್ಷಾರದಲ್ಲಿ, ಇನ್ನೊಂದು ಭಾಗ ಒದ್ದೆ ಮಣ್ಣಿನಲ್ಲಿ ಇರುವುದೇ ಒಂದು ಬ್ಯಾಟರಿ. ಸವೆಯುವುದು ಮಣ್ಣಿನಲ್ಲಿರುವ ಭಾಗ. ಹೊರಗೆ ಕಾಣುವ ಕಣ್ಣು ಹೊಸದರಂತೆ ಹೊಳೆಯುತ್ತಿರುವಾಗ ಎರಡು ಗೇಣು ಕೆಳಗೆ ರಾಡ್ ಪೆನ್ಸಿಲಿನಷ್ಟಾಗಿ, ಮುನ್ಸೂಚನೆಯಿಲ್ಲದೆ ತುಂಡಾಗಬಹುದು. ಆದ್ದರಿಂದ ರಾಡಿನ ಸುತ್ತ 300 ಮಿ.ಮೀ ಚೌಕದ ಓರೆ ಕಾಂಕ್ರೀಟ್ ಕವಚವನ್ನು ಗಡ್ಡೆಯ ಜತೆಗೇ ಎರೆದು, ನೆಲದಿಂದ 20 ಸೆಂ.ಮೀ ಮೇಲಕ್ಕೆ ತಂದು, ತಲೆಯನ್ನು ನೀರು ನಿಲ್ಲದಂತೆ ಇಳಿಜಾರು ಮಾಡಲಾಯಿತು. ಈಗ ಆ ಮೂಲೆಯಲ್ಲಿ ಒಂದು ಅಂಗುಲ ಕಬ್ಬಿಣವೂ ಮಣ್ಣಿಗೆ ತಾಗುವುದಿಲ್ಲ.

ತುಕ್ಕಿನ ವಿಷಯದಲ್ಲಿ ಇನ್ನೊಂದು ಮಾತು. ಸಿಡಿಲಿನ ರಕ್ಷಣೆಗೆ ಪ್ರತಿ ಆಂಕರಿನ ಬಳಿ ಗೈ ತಂತಿಗಳನ್ನು ಭೂಸಂಪರ್ಕ ಮಾಡುವುದು ಒಳ್ಳೆಯ ಪದ್ಧತಿ. ಆದರೆ ತಾಮ್ರದ ಅರ್ತಿಂಗ್ ರಾಡನ್ನು ಸತು ಲೇಪಿತ ಆಂಕರಿಗೆ ನೇರವಾಗಿ ಜೋಡಿಸಿದರೆ ತಾಮ್ರ ಉಳಿದು ಸತು ಕರಗುತ್ತದೆ, ಸತು ಮುಗಿದ ಮೇಲೆ ಕಬ್ಬಿಣ. ನಮ್ಮ ಮನೆಗಳ ಅರ್ತಿಂಗ್‌ಗೆ ಎಂದಿನಿಂದಲೂ ಬಳಸುವ ಜಿಐ (ಸತು ಲೇಪಿತ ಕಬ್ಬಿಣದ) ಪೈಪೇ ಇಲ್ಲಿ ಸರಿ. ಟವರಿನ ಬುಡದಲ್ಲಿ ತಾಮ್ರ ಇದ್ದರೂ ಆಂಕರುಗಳ ಬಳಿ ಜಿಐ ಪೈಪನ್ನೇ ಇಳಿಸಿದೆವು. ದಕ್ಷಿಣದ ಆಂಕರಿನಲ್ಲಿ ರಾಡ್ ಮಣ್ಣಿನಲ್ಲೇ ಇರುವುದರಿಂದ ಅಲ್ಲಿ ಈ ಎಚ್ಚರ ಎಲ್ಲಕ್ಕಿಂತ ಮುಖ್ಯ.

ಎಳೆದು ನೋಡಿದ್ದು

ಕಾಂಕ್ರೀಟಿಗೆ 28 ದಿನ ತುಂಬಿದ ಮೇಲೆ, ಟವರ್ ನಿಲ್ಲಿಸುವ ಮೊದಲು, ಮೂರೂ ಆಂಕರುಗಳನ್ನು ಎಳೆದು ಪರೀಕ್ಷಿಸಲಾಯಿತು. ತೋಡಲು ಬೇಡವೆಂದ ಜೆಸಿಬಿ ಈ ಕೆಲಸಕ್ಕೆ ಬಹಳ ಅನುಕೂಲವಾಯಿತು. ಅದರ ತೋಳನ್ನು ಎತ್ತಿ, ಆಂಕರಿನ ಕಣ್ಣಿನಿಂದ ತೋಳಿನ ತುದಿಯವರೆಗೆ ತಂತಿಯ ಓರೆಯಲ್ಲೇ ಸರಪಳಿ ಕಟ್ಟಿ, ನಡುವೆ ಚೈನ್ ಪುಲ್ಲಿ ಮತ್ತು ಮೂರು ಟನ್ನಿನ ನೇತಾಡುವ ಡಿಜಿಟಲ್ ತಕ್ಕಡಿ ಸೇರಿಸಲಾಯಿತು. ತಕ್ಕಡಿಯಲ್ಲಿ 1,140 ಕೆ.ಜಿ, ಅಂದರೆ ನಿರೀಕ್ಷಿತ ಗರಿಷ್ಠದ ಒಂದೂವರೆ ಪಟ್ಟು, ಬರುವವರೆಗೆ ನಿಧಾನವಾಗಿ ಎಳೆದು ಅರ್ಧ ಗಂಟೆ ಹಿಡಿಯಲಾಯಿತು. ಎಳೆತದ ಗೆರೆಯಲ್ಲಾಗಲಿ ಸರಪಳಿಯ ಪಕ್ಕದಲ್ಲಾಗಲಿ ಯಾರೂ ನಿಲ್ಲಬಾರದು. ಸರಪಳಿ ತುಂಡಾದರೆ ಅದರ ತುದಿ ಎಲ್ಲಿಗೆ ಹಾರುತ್ತದೆಂದು ಹೇಳಲಾಗದು.

ಆಂಕರ್ ಎಷ್ಟು ಸರಿಯಿತು ಎಂಬುದನ್ನು ಅಳೆಯಲು ಮೂರು ಮೀಟರ್ ದೂರದ ಎರಡು ಗೂಟಗಳ ನಡುವೆ ಬಿಗಿದ ನೈಲಾನ್ ದಾರ ಮತ್ತು ಒಂದು ಸ್ಕೇಲು ಸಾಕಾಯಿತು. ಬಂಡೆಯ ಆಂಕರ್ ಅಲುಗಲಿಲ್ಲ. ಜೌಗಿನದು 3 ಮಿ.ಮೀ ಸರಿದು ನಿಂತಿತು. ಕೆಮ್ಮಣ್ಣಿನದು ಮೊದಲ ಹತ್ತು ನಿಮಿಷದಲ್ಲಿ 9 ಮಿ.ಮೀ ಸರಿದು, ಆಮೇಲೆ ನಿಂತು, ಉಳಿದ ಇಪ್ಪತ್ತು ನಿಮಿಷ ಅಲ್ಲೇ ಇತ್ತು. ಹೂತ ತಟ್ಟೆ ತನ್ನ ಮುಂದಿನ ಮಣ್ಣನ್ನು ಒತ್ತಿಕೊಂಡು ಕೂರುವುದು ಸಹಜ. ಗಮನಿಸಬೇಕಾದದ್ದು ಎಷ್ಟು ಸರಿಯಿತು ಎಂಬುದಕ್ಕಿಂತ ಸರಿಯುವುದು ನಿಂತಿತೇ ಎಂಬುದನ್ನು. ಭಾರ ಹೆಚ್ಚದಿದ್ದರೂ ನಿಮಿಷಕ್ಕೊಂದು ಕೂದಲೆಳೆಯಷ್ಟು ಸರಿಯುತ್ತಲೇ ಇದ್ದರೆ ಆ ಆಂಕರನ್ನು ತೆಗೆದು ಬೇರೆ ಹಾಕಬೇಕು. ಹೀಗೆ ಮೊದಲೇ ಎಳೆದು ಕೂರಿಸಿದ್ದರಿಂದ ಟವರ್ ನಿಂತ ಮೇಲೆ ತಂತಿ ಸಡಿಲವಾಗುವ ಕಾಟವೂ ತಪ್ಪಿತು.

ತಂತಿಗಳ ಕೆಲಸ ಇದಕ್ಕೆ ಹೋಲಿಸಿದರೆ ಸುಲಭ. ಪ್ರತಿ ಆಂಕರಿನಲ್ಲಿ ಎರಡು ತಂತಿಗಳು ಒಂದು ತಟ್ಟೆಗೆ ಸೇರುತ್ತವೆ. ತಂತಿಯನ್ನು ತಿರುಗಿಸಿ ಬಿಗಿ ಮಾಡುವ ಟರ್ನ್‌ಬಕಲ್‌ಗಳು ಕೊಕ್ಕೆಯವಲ್ಲ, ಎರಡೂ ತುದಿಯಲ್ಲಿ ಪಿನ್ ಹಾಕಿ ಮುಚ್ಚುವಂಥವು. ಗಾಳಿಯ ನಡುಕಕ್ಕೆ ಅವು ತಾವಾಗಿ ತಿರುಗಿ ಬಿಚ್ಚಿಕೊಳ್ಳದಂತೆ ಅವುಗಳ ಹೊಟ್ಟೆಯೊಳಗಿಂದ ಒಂದು ತುಂಡು ತಂತಿ ಹಾಯಿಸಿ ಕಟ್ಟಲಾಗಿದೆ.

ಮುಂದಿನ ಮಳೆಗಾಲದ ಕೊನೆಯಲ್ಲಿ, ಕೆರೆ ತುಂಬಿ ಈಶಾನ್ಯದ ಮೂಲೆಯಲ್ಲಿ ಕಾಲಿಟ್ಟರೆ ನೀರು ಒಸರುತ್ತಿದ್ದಾಗ, ಮೂರೂ ಕಡೆಯ ತಂತಿಗಳ ಬಿಗಿತವನ್ನು ಅದೇ ತಕ್ಕಡಿಯಿಂದ ಅಳೆದೆವು. ಜೌಗಿನ ಕಡೆಯ ತಂತಿಗಳು 150 ಕೆ.ಜಿಗೆ ಬಿಗಿದಲ್ಲೇ ಇದ್ದವು. ದಕ್ಷಿಣದಲ್ಲಿ ತುಸು ಇಳಿದಿತ್ತು, ಟರ್ನ್‌ಬಕಲ್ ಒಂದು ಸುತ್ತು ತಿರುಗಿಸಿ ಸರಿಪಡಿಸಲಾಯಿತು. ವರ್ಷಕ್ಕೊಮ್ಮೆ ದಕ್ಷಿಣದ ರಾಡಿನ ಸುತ್ತ ಒಂದು ಮೊಳ ಆಳಕ್ಕೆ ಮಣ್ಣು ಬಿಡಿಸಿ, ತಂತಿ ಬ್ರಷ್‌ನಿಂದ ಉಜ್ಜಿ, ಕ್ಯಾಲಿಪರಿನಿಂದ ದಪ್ಪ ಅಳೆದು ಬರೆದಿಡಬೇಕು, 20 ಮಿ.ಮೀ ಇದ್ದದ್ದು 17ಕ್ಕೆ ಇಳಿದ ದಿನ, ಅದು ಹೊರುವ ಬಲ ಇನ್ನೂ ಎಷ್ಟಿದೆ ಎಂದು ಲೆಕ್ಕ ಹಾಕುತ್ತಾ ಕೂರದೆ ಪಕ್ಕದಲ್ಲಿ ಹೊಸ ಆಂಕರ್ ಹೂತು ತಂತಿಗಳನ್ನು ಅದಕ್ಕೆ ವರ್ಗಾಯಿಸುವುದೆಂದು ಟವರಿನ ಮಾಲೀಕರೊಂದಿಗೆ ನಿರ್ಧರಿಸಲಾಗಿದೆ.